ಕರೆಂಟ್ ಹೋದಾಗ ಫೈಲ್ ಎಲ್ಲಿ ಹೋಗುತ್ತೆ?

ಕಳೆದ ವರ್ಷ ರಾಜ್ಯೋತ್ಸವ ಸಂಚಿಕೆಗೆ ಬರಹ ಕಳಿಸಿದವರಿಗೆ ನೆನಪಿರಬಹುದು. ಅಕ್ಟೋಬರ್ ಕೊನೆಯ ವಾರದಲ್ಲಿ "ದಯವಿಟ್ಟು ನಿಮ್ಮ ಹೆಸರು, ವಿಭಾಗ, ಬರಹದ ಶೀರ್ಷಿಕೆ ಇನ್ನೊಮ್ಮೆ ಕಳಿಸಿ" ಅಂತ ನಮ್ಮ ಕಡೆಯಿಂದ ಒಂದು ಮೆಸೇಜ್ ಬಂದಿತ್ತು. ಯಾಕೆ ಅಂತ ಕೇಳಿದವರಿಗೆಲ್ಲ "ಟೆಕ್ನಿಕಲ್ ಪ್ರಾಬ್ಲಂ" ಅಂದು ಜಾರಿಕೊಂಡಿದ್ದೆವು. ಆ ಪ್ರಾಬ್ಲಂ ಏನು ಅಂತ ಆವತ್ತು ನಮಗೂ ಸರಿಯಾಗಿ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ, ಹೇಳುತ್ತೇವೆ.

ಸಂಘದ ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ಅದರಲ್ಲಿ ಲಿನಕ್ಸ್ ಹಾಕಿ, ಬಂದ ಬರಹಗಳ ಪಟ್ಟಿ ಇಡಲು ನಾವೇ ಬರೆದ ಪುಟ್ಟ ಪೈಥಾನ್ ಪ್ರೋಗ್ರಾಂ ಓಡಿಸುತ್ತಿದ್ದೆವು. ಹೊಸ ಬರಹ ಬಂದಾಗಲೆಲ್ಲ ಅದು ಪಟ್ಟಿಯ ಫೈಲನ್ನು ಖಾಲಿ ಮಾಡಿ, ಇಡೀ ಪಟ್ಟಿಯನ್ನು ಮತ್ತೆ ಬರೆಯುತ್ತಿತ್ತು. ಆ ಸಂಜೆ ಎರಡನೇ ವರ್ಷದ ಗೆಳತಿಯೊಬ್ಬಳು ತನ್ನ ಕವನ ಸೇರಿಸಿದಳು. ಪರದೆಯ ಮೇಲೆ "ಸೇರಿತು" ಅಂತ ಬಂತು. ಅವಳು ಬ್ಯಾಗ್ ಎತ್ತಿಕೊಂಡು ಬಾಗಿಲವರೆಗೆ ಹೋಗಿರಬೇಕು, ಅಷ್ಟರಲ್ಲಿ ಕರೆಂಟ್ ಹೋಯ್ತು. ಯುಪಿಎಸ್ ಇತ್ತು. ಅದರ ಬ್ಯಾಟರಿ ಮಾತ್ರ ಯಾವಾಗಲೋ ತೀರಿಕೊಂಡಿತ್ತು.

ಕರೆಂಟ್ ಬಂದ ಮೇಲೆ ಮಷೀನು ಯಾವ ತಕರಾರೂ ಇಲ್ಲದೆ ಎದ್ದು ಕೂತಿತು. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಪಟ್ಟಿಯ ಫೈಲೂ ಇದ್ದಲ್ಲೇ ಇತ್ತು. ಗಾತ್ರ ನೋಡಿದರೆ 0 ಬೈಟ್.

ಅವಳ ಕವನವೊಂದೇ ಹೋಗಿದ್ದರೆ ಅರ್ಥವಾಗುತ್ತಿತ್ತು. ಮೂರು ವಾರದಿಂದ ಸೇರಿಸಿದ್ದ ಪಟ್ಟಿ ಪೂರ್ತಿ ಹೋಗಿದ್ದು ಹೇಗೆ? ಮೊದಲು ಹಾರ್ಡ್ ಡಿಸ್ಕನ್ನು ಬೈದೆವು. ಅದರ ತಪ್ಪೇನೂ ಇರಲಿಲ್ಲ. ಆಮೇಲೆ ಫೈಲ್ ಸಿಸ್ಟಮ್ಮನ್ನು ಬೈದೆವು. ಓದುತ್ತಾ ಹೋದ ಹಾಗೆ ತಿಳಿಯಿತು, ಅದು ಕೊಟ್ಟ ಮಾತನ್ನು ಅಕ್ಷರಶಃ ಉಳಿಸಿಕೊಂಡಿತ್ತು. ಕೊಡದ ಮಾತನ್ನು ಕೊಟ್ಟಿದೆ ಅಂತ ನಂಬಿದ್ದವರು ನಾವು. ಇದೇ ತಪ್ಪನ್ನು 2009ರಲ್ಲಿ ನಮಗಿಂತ ಬಹಳ ದೊಡ್ಡವರೂ ಮಾಡಿದ್ದರು ಅಂತ ಗೊತ್ತಾದಾಗ ಸ್ವಲ್ಪ ಸಮಾಧಾನವಾಯಿತು. ಆ ಕಥೆಗೆ ಬರುವ ಮೊದಲು ಒಂದೆರಡು ವಿಷಯ ಸ್ಪಷ್ಟವಾಗಬೇಕು.

ಬರೆದೆ ಅಂದರೆ ಬರೆದ ಹಾಗಲ್ಲ

ಪ್ರೋಗ್ರಾಂ "ಬರಿ" ಅಂದ ಅಕ್ಷರಗಳು ಡಿಸ್ಕಿಗೆ ತಲುಪುವ ಮುಂಚೆ ಮೂರು ಕಡೆ ತಂಗುತ್ತವೆ. ಮೊದಲನೆಯದು ಪ್ರೋಗ್ರಾಮಿನದೇ ಬಫರ್. ಪೈಥಾನ್ ಆಗಲಿ ಸಿ ಭಾಷೆಯ ಲೈಬ್ರರಿಯಾಗಲಿ, ಚೂರುಚೂರು ಬರಹವನ್ನು ಕೂಡಿಟ್ಟುಕೊಂಡು ಒಟ್ಟಿಗೆ ಕರ್ನಲ್‌ಗೆ ಕೊಡುತ್ತವೆ. ಫ್ಲಶ್ ಮಾಡಿದರೆ ಇಲ್ಲಿಂದ ಹೊರಡುತ್ತದೆ. ನಾವು ಫ್ಲಶ್ ಮಾಡಿದ್ದೆವು, ಅಲ್ಲಿಗೆ ಕೆಲಸ ಮುಗಿಯಿತು ಅಂದುಕೊಂಡಿದ್ದೆವು.

ಎರಡನೆಯದು ಕರ್ನಲ್ಲಿನ ಪೇಜ್ ಕ್ಯಾಶ್. ಇದೂ ರ್‍ಯಾಮ್‌ನಲ್ಲೇ ಇರುವಂಥದ್ದು. ಲಿನಕ್ಸ್‌ನ ಸಾಮಾನ್ಯ ಸೆಟ್ಟಿಂಗ್ ಪ್ರಕಾರ, ಬದಲಾದ ಪುಟವೊಂದು ಸುಮಾರು 30 ಸೆಕೆಂಡ್ ಹಳತಾದ ಮೇಲೆಯೇ ಅದನ್ನು ಡಿಸ್ಕಿಗೆ ಕಳಿಸುವ ಯೋಚನೆ ನಡೆಯುತ್ತದೆ. ಮೂರನೆಯದು ಡಿಸ್ಕಿನ ಒಳಗೇ ಇರುವ ಸಣ್ಣ ಮೆಮೊರಿ. ಡಿಸ್ಕು "ಬಂತು" ಅಂದರೂ ಅದು ಇನ್ನೂ ತಟ್ಟೆಯ ಮೇಲೆ ಇಳಿದಿರಬೇಕು ಅಂತೇನಿಲ್ಲ.

ಇಷ್ಟೊಂದು ತಡ ಯಾಕೆ? 7200 ಆರ್‌ಪಿಎಂ ಡಿಸ್ಕಿನ ತಟ್ಟೆ ಒಂದು ಸುತ್ತು ತಿರುಗಲು 8.3 ಮಿಲಿಸೆಕೆಂಡ್ ಬೇಕು. 3 ಗಿಗಾಹರ್ಟ್ಸ್ ಪ್ರೊಸೆಸರಿಗೆ ಅಷ್ಟರಲ್ಲಿ ಸುಮಾರು ಎರಡೂವರೆ ಕೋಟಿ ಸೈಕಲ್ ಕಳೆದಿರುತ್ತದೆ. ಪ್ರತಿ ಸಣ್ಣ ಬರಹಕ್ಕೂ ಪ್ರೋಗ್ರಾಂ ನಿಂತು ಕಾಯುತ್ತಾ ಹೋದರೆ ನಮ್ಮ ಲ್ಯಾಬಿನಲ್ಲಿ ಒಂದು ಕಂಪೈಲ್ ಮುಗಿಯುವಷ್ಟರಲ್ಲಿ ಪೀರಿಯಡ್ಡೇ ಮುಗಿದಿರುತ್ತದೆ. ಅದೂ ಅಲ್ಲದೆ, ಕಂಪೈಲರ್ ಮಾಡುವ ತಾತ್ಕಾಲಿಕ ಫೈಲುಗಳು ಹುಟ್ಟಿ ಎರಡು ಸೆಕೆಂಡಿಗೆ ಸಾಯುತ್ತವೆ. ಅವನ್ನು ಡಿಸ್ಕಿಗೆ ಹೊತ್ತುಹಾಕುವುದೇ ದಂಡ.

ಹಾಗಾಗಿ ತಡ ಮಾಡುವುದು ಸರಿಯೇ. ತೊಂದರೆ ಬೇರೆ ಕಡೆ ಇದೆ. ಫೈಲಿನಲ್ಲಿ ಆಗುವ ಒಂದು ಬದಲಾವಣೆ ಡಿಸ್ಕಿನಲ್ಲಿ ಒಂದೇ ಜಾಗದಲ್ಲಿ ಆಗುವುದಿಲ್ಲ. ಫೈಲಿನ ಕೊನೆಗೆ ಒಂದು ಬ್ಲಾಕಿನಷ್ಟು ಸೇರಿಸಿದಿರಿ ಅನ್ನಿ. ಯಾವ ಬ್ಲಾಕ್ ಖಾಲಿ, ಯಾವುದು ತುಂಬಿದೆ ಅಂತ ಹೇಳುವ ಬಿಟ್‌ಮ್ಯಾಪ್ ಬದಲಾಗಬೇಕು. ಫೈಲಿನ ಜಾತಕ ಅನ್ನಬಹುದಾದ ಐನೋಡ್‌ನಲ್ಲಿ ಗಾತ್ರ ಮತ್ತು ಹೊಸ ಬ್ಲಾಕಿನ ನಂಬರ್ ಬದಲಾಗಬೇಕು. ಕೊನೆಗೆ ನಿಮ್ಮ ಅಕ್ಷರಗಳು ಆ ಬ್ಲಾಕಿಗೆ ಹೋಗಬೇಕು. ಮೂರು ಜಾಗ, ಮೂರು ಬೇರೆ ಬೇರೆ ಬರಹ. ಇವುಗಳ ನಡುವೆ ಕರೆಂಟ್ ಹೋದರೆ?

ಅಕ್ಷರ ಮಾತ್ರ ಹೋಗಿ ಉಳಿದೆರಡು ಹೋಗದಿದ್ದರೆ ಏನೂ ಆಗಿಲ್ಲದ ಹಾಗೆ, ಚಿಂತೆಯಿಲ್ಲ. ಬಿಟ್‌ಮ್ಯಾಪ್ ಮಾತ್ರ ಹೋದರೆ ಒಂದು ಬ್ಲಾಕ್ ಯಾರಿಗೂ ಸೇರದೆ ಪೋಲಾಗುತ್ತದೆ, ಅದೂ ಸಹಿಸಿಕೊಳ್ಳಬಹುದು. ಐನೋಡ್ ಮಾತ್ರ ಹೋದರೆ ಕಷ್ಟ. ಫೈಲು ಆ ಬ್ಲಾಕ್ ನನ್ನದು ಅನ್ನುತ್ತದೆ, ಬಿಟ್‌ಮ್ಯಾಪ್ ಅದು ಖಾಲಿ ಅನ್ನುತ್ತದೆ. ನಾಳೆ ಅದೇ ಬ್ಲಾಕನ್ನು ಇನ್ನೊಂದು ಫೈಲಿಗೆ ಕೊಡಲಾಗುತ್ತದೆ. ಒಂದೇ ಸೈಟನ್ನು ಇಬ್ಬರಿಗೆ ರಿಜಿಸ್ಟರ್ ಮಾಡಿಕೊಟ್ಟ ಹಾಗೆ. ಡಿಸ್ಕ್ ಫೈಲ್ ಸಿಸ್ಟಮ್ ಬರೆಯುವವರು ತಲೆ ಕೆಡಿಸಿಕೊಳ್ಳುವುದು ಹೆಚ್ಚಾಗಿ ಇಲ್ಲೇ: ಯಾವುದು ಮೊದಲು, ಯಾವುದು ಆಮೇಲೆ.

64 ಎಂಬಿಯಿಂದ ಶುರು

1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಲಿನಕ್ಸ್ ಶುರು ಮಾಡಿದಾಗ ಮಿನಿಕ್ಸ್‌ನ ಫೈಲ್ ಸಿಸ್ಟಮ್ಮನ್ನೇ ಬಳಸಿಕೊಂಡರು. ಅದು ಪಾಠ ಹೇಳಲು ಮಾಡಿದ್ದು. ಗರಿಷ್ಠ ಗಾತ್ರ 64 ಎಂಬಿ, ಫೈಲಿನ ಹೆಸರಿಗೆ 14 ಅಕ್ಷರ. 1992ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ರೆಮಿ ಕಾರ್ಡ್ ಅವರ ಎಕ್ಸ್‌ಟೆಂಡೆಡ್ ಫೈಲ್ ಸಿಸ್ಟಮ್ ಬಂತು: 2 ಜಿಬಿ, 255 ಅಕ್ಷರ. ಖಾಲಿ ಬ್ಲಾಕುಗಳನ್ನು ಅದು ಲಿಂಕ್ಡ್ ಲಿಸ್ಟ್‌ನಲ್ಲಿ ಇಡುತ್ತಿತ್ತು. ಬಳಸಿದಂತೆಲ್ಲ ಆ ಸರಪಳಿ ಕಲಸಿಹೋಗಿ ಫೈಲುಗಳು ಡಿಸ್ಕಿನ ತುಂಬ ಚೆಲ್ಲಾಪಿಲ್ಲಿಯಾಗುತ್ತಿದ್ದವು. ಡೇಟಾ ಸ್ಟ್ರಕ್ಚರ್ಸ್ ಕ್ಲಾಸಿನಲ್ಲಿ ಲಿಂಕ್ಡ್ ಲಿಸ್ಟನ್ನು ಹೊಗಳಿದವರಿಗೆಲ್ಲ ಇದನ್ನು ಹೇಳಬೇಕು.

1993ರ ಜನವರಿಯಲ್ಲಿ ಬಂದ ಇಎಕ್ಸ್‌ಟಿ2 ಇದನ್ನು ಸರಿಮಾಡಿತು. ಲಿಸ್ಟ್ ಬಿಟ್ಟು ಬಿಟ್‌ಮ್ಯಾಪ್ ತಂದಿತು, ಡಿಸ್ಕನ್ನು ಬ್ಲಾಕ್ ಗುಂಪುಗಳಾಗಿ ವಿಂಗಡಿಸಿತು. ಒಂದು ಫೈಲಿನ ಐನೋಡ್ ಮತ್ತು ಅಕ್ಷರಗಳು ಆದಷ್ಟು ಒಂದೇ ಗುಂಪಿನಲ್ಲಿದ್ದರೆ ಡಿಸ್ಕಿನ ತಲೆ ದೂರ ಓಡಾಡಬೇಕಿಲ್ಲ. ಇದು ಬರ್ಕ್ಲಿ ಯುನಿಕ್ಸ್‌ನಿಂದ ಕಲಿತ ಪಾಠ. ಅಲ್ಲಿ ಮೆಕ್ಯುಸಿಕ್ ಮತ್ತು ಸಂಗಡಿಗರು 1984ರ ತಮ್ಮ ಪ್ರಬಂಧದಲ್ಲಿ ತೋರಿಸಿದ ಲೆಕ್ಕ ಇವತ್ತಿಗೂ ಓದಲು ಮಜವಾಗಿದೆ: ಹಳೆಯ ಯುನಿಕ್ಸ್ ಫೈಲ್ ಸಿಸ್ಟಮ್ ಡಿಸ್ಕಿನ ನಿಜವಾದ ವೇಗದಲ್ಲಿ ಶೇ. 2ರಿಂದ 4ರಷ್ಟನ್ನು ಮಾತ್ರ ಬಳಸುತ್ತಿತ್ತು, ಅವರ ಹೊಸದು ಶೇ. 47ರವರೆಗೆ ಮುಟ್ಟಿತು. ಡಿಸ್ಕು ಅದೇ. ಬದಲಾಗಿದ್ದು ಯಾವುದನ್ನು ಯಾವುದರ ಪಕ್ಕ ಇಡಬೇಕು ಅನ್ನುವ ಬುದ್ಧಿ.

ಆದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವ ಪ್ರಶ್ನೆಗೆ ಇಎಕ್ಸ್‌ಟಿ2 ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ವೇಗ ಬೇಕಿತ್ತು, ಹಾಗಾಗಿ ಸಿಕ್ಕ ಕ್ರಮದಲ್ಲಿ ಬರೆಯಿತು. ಕರೆಂಟ್ ಹೋಗಿ ಬಂದರೆ ಎಫ್‌ಎಸ್‌ಸಿಕೆ ಅನ್ನುವ ಪ್ರೋಗ್ರಾಂ ಇಡೀ ಡಿಸ್ಕಿನ ಐನೋಡ್‌ಗಳನ್ನೆಲ್ಲ ಒಂದೊಂದಾಗಿ ತಪಾಸಣೆ ಮಾಡಿ ಬಿಟ್‌ಮ್ಯಾಪ್ ಜೊತೆ ತಾಳೆ ಹಾಕಬೇಕು. ಕೆಟ್ಟದ್ದು ಒಂದೇ ಫೈಲ್ ಇರಬಹುದು. ಎಲ್ಲಿ ಅಂತ ಗೊತ್ತಿಲ್ಲದ ಮೇಲೆ ಎಲ್ಲವನ್ನೂ ನೋಡಲೇಬೇಕು. ಡಿಸ್ಕು ದೊಡ್ಡದಾದಷ್ಟೂ ಕಾಯುವಿಕೆ ಹೆಚ್ಚು. ಮನೆಯ ಪಿಸಿಗೆ ಟೀ ಕುಡಿದು ಬರುವಷ್ಟು ಹೊತ್ತು, ದೊಡ್ಡ ಸರ್ವರ್‌ಗೆ ಗಂಟೆಗಟ್ಟಲೆ.

ಖಾತೆ ಮತ್ತು ಕಿರ್ದಿ

ಹಳೆಯ ಕಾಲದ ಮಂಡಿ ಅಂಗಡಿಗಳಲ್ಲಿ ಎರಡು ಪುಸ್ತಕ ಇರುತ್ತಿದ್ದವು. ನಡೆದ ವ್ಯವಹಾರವನ್ನು ನಡೆದ ಕ್ರಮದಲ್ಲೇ ಬರೆಯುವುದು ಕಿರ್ದಿ. ಒಬ್ಬೊಬ್ಬರ ಹೆಸರಿನ ಪುಟಕ್ಕೆ ಅದನ್ನು ಸಾವಕಾಶವಾಗಿ ಏರಿಸುವುದು ಖಾತೆ. ಏರಿಸುವಾಗ ನಡುವೆ ಯಾರೋ ಕರೆದರು, ಎದ್ದು ಹೋದರು ಅಂದುಕೊಳ್ಳಿ. ವಾಪಸ್ ಬಂದು ಎಲ್ಲ ಖಾತೆಗಳನ್ನೂ ಮೊದಲಿನಿಂದ ಕೂಡಬೇಕಿಲ್ಲ. ಕಿರ್ದಿಯ ಕೊನೆಯ ಪುಟ ನೋಡಿದರೆ ಸಾಕು.

1998ರಲ್ಲಿ ಸ್ಟೀಫನ್ ಟ್ವೀಡಿ ಇಎಕ್ಸ್‌ಟಿ2ಗೆ ಇಂಥದ್ದೇ ಕಿರ್ದಿ ಸೇರಿಸುವ ಯೋಜನೆ ಮುಂದಿಟ್ಟರು. ಅದೇ ಜರ್ನಲ್. 2001ರ ನವೆಂಬರ್‌ನಲ್ಲಿ 2.4.15 ಕರ್ನಲ್ಲಿನೊಂದಿಗೆ ಇಎಕ್ಸ್‌ಟಿ3 ಆಗಿ ಸೇರಿತು. ಕೆಲಸ ಮಾಡುವ ರೀತಿ ಹೀಗೆ: ಬಿಟ್‌ಮ್ಯಾಪ್, ಐನೋಡ್ ಮುಂತಾದವುಗಳ ಹೊಸ ರೂಪವನ್ನು ಅವುಗಳ ಸ್ವಂತ ಜಾಗಕ್ಕೆ ಬರೆಯುವ ಮೊದಲು ಜರ್ನಲ್‌ಗೆ ಬರೆಯುವುದು. ಎಲ್ಲ ಬರೆದಾದ ಮೇಲೆ ಕೊನೆಗೊಂದು ಕಮಿಟ್ ಗುರುತು ಹಾಕುವುದು. ಆಮೇಲೆ ಬಿಡುವಾದಾಗ ಸ್ವಂತ ಜಾಗಕ್ಕೆ ಏರಿಸುವುದು. ನಡುವೆ ಕರೆಂಟ್ ಹೋದರೆ, ಬೂಟ್ ಆಗುವಾಗ ಕಮಿಟ್ ಗುರುತು ಇರುವ ವ್ಯವಹಾರಗಳನ್ನು ಮತ್ತೊಮ್ಮೆ ಏರಿಸುತ್ತದೆ, ಗುರುತು ಇಲ್ಲದ್ದನ್ನು ಬಿಟ್ಟುಬಿಡುತ್ತದೆ. ಒಂದೋ ಮೂರೂ ಆಗಿದೆ, ಇಲ್ಲವೇ ಮೂರೂ ಆಗಿಲ್ಲ. ಮಾಮೂಲಿಯಾಗಿ 5 ಸೆಕೆಂಡಿಗೊಮ್ಮೆ ಕಮಿಟ್ ನಡೆಯುತ್ತದೆ. ಈ 5ನ್ನು ನೆನಪಿಟ್ಟುಕೊಳ್ಳಿ.

ನಮಗೆ ಇದರಲ್ಲಿ ಜರ್ನಲ್‌ಗಿಂತಲೂ ಇಷ್ಟವಾದದ್ದು ಟ್ವೀಡಿಯವರ ಸಂಕೋಚ. ಡಿಸ್ಕಿನ ಮೇಲಿನ ಇಎಕ್ಸ್‌ಟಿ2 ರೂಪವನ್ನು ಅವರು ಮುಟ್ಟಲಿಲ್ಲ. ಜರ್ನಲ್ ಅನ್ನುವುದು ಫೈಲ್ ಸಿಸ್ಟಮ್ಮಿನ ಒಳಗೆ ಬಚ್ಚಿಟ್ಟ ಇನ್ನೊಂದು ಫೈಲು, ಅಷ್ಟೇ. 8ನೇ ನಂಬರಿನ ಐನೋಡ್ ಅದರದ್ದು. ಹಳೆಯ ಡಿಸ್ಕಿಗೆ ಒಂದು ಆದೇಶ ಕೊಟ್ಟರೆ ಇಎಕ್ಸ್‌ಟಿ3 ಆಗುತ್ತದೆ. ಸರಿಯಾಗಿ ಶಟ್‌ಡೌನ್ ಆದ ಇಎಕ್ಸ್‌ಟಿ3 ಡಿಸ್ಕನ್ನು ಹಳೆಯ ಕರ್ನಲ್ ಇಎಕ್ಸ್‌ಟಿ2 ಅಂತಲೇ ಓದುತ್ತದೆ. ಜನರ ವರ್ಷಗಳ ದುಡಿಮೆ ಇರುವ ಡಿಸ್ಕನ್ನು "ಎಲ್ಲ ಕಾಪಿ ಮಾಡಿಟ್ಟು ಫಾರ್ಮ್ಯಾಟ್ ಮಾಡಿ ಬನ್ನಿ" ಅಂತ ಹೇಳುವ ಹಕ್ಕು ಯಾವ ಪ್ರೋಗ್ರಾಮರಿಗೂ ಇಲ್ಲ. ಬೇರೆ ಸಾಫ್ಟ್‌ವೇರಿನಲ್ಲಿ ಹಳೆಯದನ್ನು ಕಿತ್ತೆಸೆದು ಹೊಸದು ಬರೆಯಬಹುದು. ಇಲ್ಲಿ ಓಡುತ್ತಿರುವ ಬಸ್ಸಿನ ಚಕ್ರ ಬದಲಿಸಬೇಕು.

ಇಎಕ್ಸ್‌ಟಿ3 ಸಾಮಾನ್ಯವಾಗಿ ಜರ್ನಲ್‌ಗೆ ಬರೆಯುತ್ತಿದ್ದದ್ದು ಲೆಕ್ಕಪತ್ರವನ್ನು ಮಾತ್ರ, ನಿಮ್ಮ ಅಕ್ಷರಗಳನ್ನಲ್ಲ. ಎಲ್ಲವನ್ನೂ ಎರಡು ಸಲ ಬರೆದರೆ ವೇಗ ಅರ್ಧಕ್ಕೆ ಇಳಿಯುತ್ತದೆ. ಆದರೆ ಐನೋಡ್ "ನನ್ನ ಅಕ್ಷರ ಆ ಬ್ಲಾಕಿನಲ್ಲಿದೆ" ಅಂತ ಕಮಿಟ್ ಆಗಿ, ಅಕ್ಷರ ಮಾತ್ರ ಅಲ್ಲಿಗೆ ತಲುಪದಿದ್ದರೆ? ಆ ಬ್ಲಾಕಿನಲ್ಲಿ ಮೊದಲಿದ್ದ ಯಾರದೋ ಅಳಿಸಿದ ಫೈಲಿನ ತುಣುಕು ನಿಮ್ಮ ಫೈಲಿನಲ್ಲಿ ಕಾಣುತ್ತದೆ. ಅದು ಬೇರೆಯವರ ಗುಟ್ಟೂ ಆಗಿರಬಹುದು. ಇದನ್ನು ತಪ್ಪಿಸಲು ಇಎಕ್ಸ್‌ಟಿ3 ಒಂದು ನಿಯಮ ಇಟ್ಟುಕೊಂಡಿತು: ಅಕ್ಷರಗಳು ಮೊದಲು ತಮ್ಮ ಬ್ಲಾಕಿಗೆ ಹೋಗಬೇಕು, ಆಮೇಲೆಯೇ ಅವನ್ನು ತೋರಿಸುವ ಐನೋಡ್ ಕಮಿಟ್ ಆಗಬೇಕು. ಇದಕ್ಕೆ ಆರ್ಡರ್ಡ್ ಮೋಡ್ ಅಂತ ಹೆಸರು.

ನಿಯಮ ಒಳ್ಳೆಯದೇ. ಆದರೆ ಅದಕ್ಕೆ ಎರಡು ಅಡ್ಡಪರಿಣಾಮ ಇದ್ದವು, ಮುಂದಿನ ಗಲಾಟೆಗೆಲ್ಲ ಬೀಜ ಬಿತ್ತಿದ್ದು ಅವೇ.

ಒಂದು: ಬರೆದ ಅಕ್ಷರ 30 ಸೆಕೆಂಡ್ ಕಾಯದೆ, 5 ಸೆಕೆಂಡಿನ ಕಮಿಟ್ ಜೊತೆಗೇ ಡಿಸ್ಕಿಗೆ ಹೋಗಿಬಿಡುತ್ತಿತ್ತು. ಯಾರೂ ಈ ಮಾತು ಕೊಟ್ಟಿರಲಿಲ್ಲ, ತಾನಾಗಿ ಆಗುತ್ತಿತ್ತು. ಎರಡು: "ನನ್ನ ಈ ಫೈಲನ್ನು ಈಗಲೇ ಡಿಸ್ಕಿಗೆ ಮುಟ್ಟಿಸು, ಮುಟ್ಟಿದ ಮೇಲೆ ಹೇಳು" ಅಂತ ಕೇಳಲು ಎಫ್‌ಸಿಂಕ್ ಅನ್ನುವ ಸಿಸ್ಟಮ್ ಕಾಲ್ ಇದೆ. ಇಎಕ್ಸ್‌ಟಿ3ಯಲ್ಲಿ ಒಂದು ಪುಟ್ಟ ಫೈಲಿಗೆ ಎಫ್‌ಸಿಂಕ್ ಕೇಳಿದರೂ ಆಗ ನಡೆಯುತ್ತಿದ್ದ ಇಡೀ ವ್ಯವಹಾರ ಕಮಿಟ್ ಆಗಬೇಕು. ಅಂದರೆ ಬೇರೆಯವರ ದೊಡ್ಡ ದೊಡ್ಡ ಫೈಲುಗಳ ಅಕ್ಷರಗಳೂ ಮೊದಲು ಹೋಗಬೇಕು. 2008ರಲ್ಲಿ ಫೈರ್‌ಫಾಕ್ಸ್ 3 ತನ್ನ ಹಿಸ್ಟರಿಯನ್ನು ಎಸ್‌ಕ್ಯೂಲೈಟ್‌ನಲ್ಲಿ ಇಟ್ಟು ಆಗಾಗ ಎಫ್‌ಸಿಂಕ್ ಕರೆದಾಗ, ಲಿನಕ್ಸ್ ಬಳಕೆದಾರರಿಗೆ ಬ್ರೌಸರ್ ನಿಂತು ನಿಂತು ಓಡುವ ಅನುಭವವಾಗಿದ್ದು ಇದರಿಂದಲೇ. ಪ್ರೋಗ್ರಾಮರುಗಳು ಇವೆರಡರಿಂದ ಕಲಿತ ಪಾಠ: ಎಫ್‌ಸಿಂಕ್ ಕರೆದರೆ ನಿಧಾನ, ಕರೆಯದಿದ್ದರೂ ಏನೂ ಆಗಲ್ಲ.

ಪಂಕ್ತಿ ತುಂಬಿದ ಮೇಲೆ ಎಲೆ

ಅಷ್ಟರಲ್ಲಿ ಡಿಸ್ಕುಗಳು ಬೆಳೆದಿದ್ದವು. ಇಎಕ್ಸ್‌ಟಿ3 ಫೈಲ್ ಸಿಸ್ಟಮ್ 4 ಕೆಬಿ ಬ್ಲಾಕಿನಲ್ಲಿ 16 ಟಿಬಿ ದಾಟುವಂತಿರಲಿಲ್ಲ. 2006ರಲ್ಲಿ ದೊಡ್ಡ ಬದಲಾವಣೆಗಳನ್ನು ಇಎಕ್ಸ್‌ಟಿ3ಗೇ ಸೇರಿಸೋಣ ಅಂದಾಗ, ಜನ ನೆಚ್ಚಿಕೊಂಡಿರುವ ಕೋಡಿನ ಮೇಲೆ ಪ್ರಯೋಗ ಬೇಡ ಅನ್ನುವ ವಿರೋಧ ಬಂತು. ಕೊನೆಗೆ ಅದರ ಪ್ರತಿಯೊಂದನ್ನು ಬೇರೆ ಮಾಡಿ, 2.6.19 ಕರ್ನಲ್ಲಿನಲ್ಲಿ ಇನ್ನೂ ಕಟ್ಟುತ್ತಿರುವ ಮನೆ ಅಂತ ಬೋರ್ಡು ಹಾಕಿ ಇಟ್ಟರು. 2008ರ ಡಿಸೆಂಬರ್‌ನ 2.6.28ರಲ್ಲಿ ಆ ಬೋರ್ಡು ತೆಗೆದರು. ಅದೇ ಇಎಕ್ಸ್‌ಟಿ4. ಹಿಂದೆ ನಿಂತವರಲ್ಲಿ ಥಿಯೋಡರ್ ಟ್ಸೊ, ಮಿಂಗ್‌ಮಿಂಗ್ ಕಾವ್, ಆಂಡ್ರಿಯಾಸ್ ಡಿಲ್ಗರ್, ಅಲೆಕ್ಸ್ ತೊಮಾಸ್ ಮುಂತಾದವರಿದ್ದರು. 2007ರಲ್ಲಿ ಒಟ್ಟಾವಾದ ಲಿನಕ್ಸ್ ಸಮ್ಮೇಳನದಲ್ಲಿ ಇಎಕ್ಸ್‌ಟಿ4 ಬಗ್ಗೆ ಮಂಡನೆಯಾದ ಪ್ರಬಂಧದ ಲೇಖಕರಲ್ಲಿ ಬೆಂಗಳೂರಿನಲ್ಲಿ ಐಬಿಎಂಗೆ ಕೆಲಸ ಮಾಡುತ್ತಿದ್ದ ಸುಪರ್ಣಾ ಭಟ್ಟಾಚಾರ್ಯ ಕೂಡ ಒಬ್ಬರು. ಕರ್ನಲ್ ಕೆಲಸ ಎಲ್ಲೋ ದೂರದ ದೇಶದವರದ್ದು ಅಂತ ನಾವೂ ಅಂದುಕೊಂಡಿದ್ದೆವು.

ಇಎಕ್ಸ್‌ಟಿ4 ತಂದ ಎರಡು ಬದಲಾವಣೆ ಮುಖ್ಯ. ಮೊದಲನೆಯದು ಎಕ್ಸ್‌ಟೆಂಟ್. ಹಳೆಯ ಪದ್ಧತಿಯಲ್ಲಿ ಫೈಲಿನ ಪ್ರತಿ ಬ್ಲಾಕಿನ ನಂಬರನ್ನೂ ಬೇರೆ ಬೇರೆ ಬರೆದಿಡಬೇಕಿತ್ತು. 1 ಜಿಬಿ ಫೈಲಿಗೆ 2,62,144 ಬ್ಲಾಕ್, ಒಂದೊಂದಕ್ಕೆ 4 ಬೈಟ್. ವಿಳಾಸಗಳಿಗೇ 1 ಎಂಬಿ ಹೋಯಿತು. ಎಕ್ಸ್‌ಟೆಂಟ್ ಅಂದರೆ "ಇಂಥ ನಂಬರಿನಿಂದ ಸಾಲಾಗಿ ಇಷ್ಟು" ಅನ್ನುವುದು, ಪಹಣಿಯಲ್ಲಿ ಪ್ರತಿ ಗುಂಟೆಗೂ ಒಂದು ಸಾಲು ಬರೆಯದೆ ಚಕ್ಕುಬಂದಿ ಹೇಳಿದ ಹಾಗೆ. 12 ಬೈಟಿನ ಒಂದು ಎಕ್ಸ್‌ಟೆಂಟ್ 128 ಎಂಬಿವರೆಗೆ ವಿವರಿಸಬಲ್ಲದು. ಜಾಗ ಸಾಲಾಗಿ ಸಿಕ್ಕರೆ 1 ಜಿಬಿಗೆ ಎಂಟು ಸಾಕು.

ಸಾಲಾಗಿ ಸಿಕ್ಕರೆ ತಾನೇ? ಅದಕ್ಕೇ ಎರಡನೆಯ ಬದಲಾವಣೆ: ಜಾಗ ಹಂಚುವುದನ್ನೇ ತಡ ಮಾಡುವುದು. ಮದುವೆ ಊಟಕ್ಕೆ ಒಬ್ಬೊಬ್ಬರು ಬಂದ ಹಾಗೆ ಸಿಕ್ಕ ಜಾಗದಲ್ಲಿ ಕೂರಿಸಿದರೆ ಒಂದೇ ಮನೆಯವರು ನಾಲ್ಕು ಪಂಕ್ತಿಗೆ ಚದುರಿಹೋಗುತ್ತಾರೆ. ಎಷ್ಟು ಜನ ಅಂತ ತಿಳಿಯುವವರೆಗೆ ಹೊರಗೆ ನಿಲ್ಲಿಸಿಕೊಂಡರೆ ಎಲ್ಲರನ್ನೂ ಸಾಲಾಗಿ ಕೂರಿಸಬಹುದು. ಇಎಕ್ಸ್‌ಟಿ4 ಹಾಗೆಯೇ. ನೀವು ಬರೆದಾಗ ಜಾಗ ಇದೆಯೇ ಅಂತ ಮಾತ್ರ ಲೆಕ್ಕ ಹಾಕಿ ಕಾದಿರಿಸುತ್ತದೆ. ಯಾವ ಬ್ಲಾಕ್ ಅಂತ ನಿರ್ಧರಿಸುವುದು ಪೇಜ್ ಕ್ಯಾಶ್‌ನಿಂದ ಡಿಸ್ಕಿಗೆ ಹೊರಡುವ ಹೊತ್ತಿನಲ್ಲಿ. ವೇಗ ಹೆಚ್ಚಿತು, ಚೆಲ್ಲಾಪಿಲ್ಲಿ ತಗ್ಗಿತು.

ಈಗ ಹಿಂದಿನ ನಿಯಮಕ್ಕೆ ಏನಾಯಿತು ನೋಡಿ. ಅಕ್ಷರ ಮೊದಲು, ಅದನ್ನು ತೋರಿಸುವ ಐನೋಡ್ ಆಮೇಲೆ. ಆದರೆ ಬ್ಲಾಕನ್ನೇ ಇನ್ನೂ ಹಂಚಿಲ್ಲವಾದರೆ ಐನೋಡ್ ತೋರಿಸುವುದು ಏನನ್ನು? ಏನನ್ನೂ ಅಲ್ಲ. ನಿಯಮ ಮುರಿಯಲೇ ಇಲ್ಲ. 5ನೇ ಸೆಕೆಂಡಿಗೆ ಖಾಲಿ ಐನೋಡ್ ಯಾವ ಅಡ್ಡಿಯೂ ಇಲ್ಲದೆ ಕಮಿಟ್ ಆಯಿತು. ಅಕ್ಷರಗಳು 30ನೇ ಸೆಕೆಂಡಿನ ಆಚೀಚೆ ಬರುತ್ತವೆ. ಈ ನಡುವಿನ ಸಂದಿಯಲ್ಲಿ ಮಷೀನು ನಿಂತರೆ ಫೈಲು ಇರುತ್ತದೆ, ಒಳಗೆ ಏನೂ ಇರುವುದಿಲ್ಲ. ಗಾತ್ರ 0 ಬೈಟ್.

2009ರ ಶುರುವಿನಲ್ಲಿ, ಉಬುಂಟು 9.04 ಇನ್ನೂ ಪರೀಕ್ಷೆಯಲ್ಲಿದ್ದಾಗ, ಇದು ಬಯಲಿಗೆ ಬಂತು. ಮಷೀನು ಕ್ರ್ಯಾಶ್ ಆಗಿ ಮತ್ತೆ ಎದ್ದರೆ ಡೆಸ್ಕ್‌ಟಾಪ್‌ನ ಸೆಟ್ಟಿಂಗ್ ಫೈಲುಗಳೆಲ್ಲ 0 ಬೈಟ್. ಆಗಿನ ಕೆಡಿಇ, ಗ್ನೋಮ್ ಪ್ರೋಗ್ರಾಮುಗಳು ಸೆಟ್ಟಿಂಗ್ ಫೈಲುಗಳನ್ನು ಮತ್ತೆ ಮತ್ತೆ ಹೊಸದಾಗಿ ಬರೆಯುತ್ತಿದ್ದವು. ಕೆಲವು ನಮ್ಮ ಹಾಗೆ ಹಳೆಯದನ್ನು ಖಾಲಿ ಮಾಡಿ ಬರೆಯುತ್ತಿದ್ದವು. ಕೆಲವು ಜಾಣತನದಿಂದ ಬೇರೆ ಹೆಸರಲ್ಲಿ ಬರೆದು ಹಳೆಯದರ ಮೇಲೆ ರೀನೇಮ್ ಮಾಡುತ್ತಿದ್ದವು. ಎರಡೂ ಎಫ್‌ಸಿಂಕ್ ಕರೆಯುತ್ತಿರಲಿಲ್ಲ. ರೀನೇಮ್ ಅನ್ನುವುದು ಲೆಕ್ಕಪತ್ರದ ಬದಲಾವಣೆ, 5 ಸೆಕೆಂಡಿಗೆ ಕಮಿಟ್. ಹೊಸ ಹೆಸರಿನ ಒಳಗಿರಬೇಕಾದ ಅಕ್ಷರ ಇನ್ನೂ ರ್‍ಯಾಮ್‌ನಲ್ಲೇ.

ಟ್ಸೊ ಅವರ ವಾದ ಸರಳವಾಗಿತ್ತು: ಪಾಸಿಕ್ಸ್ ಮಾನಕ ಎಫ್‌ಸಿಂಕ್ ಇಲ್ಲದೆ ಯಾವ ಭರವಸೆಯನ್ನೂ ಕೊಡುವುದಿಲ್ಲ, ತಪ್ಪು ಪ್ರೋಗ್ರಾಮುಗಳದ್ದು. ಬಳಕೆದಾರರ ವಾದವೂ ಸರಳ: ನಿನ್ನೆಯವರೆಗೆ ಹೀಗಾಗುತ್ತಿರಲಿಲ್ಲ. ನಮ್ಮ ಸಂಪಾದಕ ಮಂಡಳಿಯಲ್ಲೇ ಈ ಬಗ್ಗೆ ಎರಡು ಪಕ್ಷ ಇದೆ. ಮಾನಕದ ಪ್ರಕಾರ ಟ್ಸೊ ಸರಿ ಅನ್ನುವುದರಲ್ಲಿ ಜಗಳವಿಲ್ಲ. ಆದರೆ ವರ್ಷಗಟ್ಟಲೆ ಒಂದು ಸಂಗತಿ ತಪ್ಪದೆ ನಡೆಯುತ್ತಾ ಬಂದರೆ ಜನ ಅದನ್ನು ಕೊಟ್ಟ ಮಾತು ಅಂತಲೇ ಎಣಿಸುತ್ತಾರೆ. ಬೆಳಿಗ್ಗೆ ದಿನಾ ಏಳಕ್ಕೆ ಬರುವ ಬಸ್ಸು ವೇಳಾಪಟ್ಟಿಯಲ್ಲಿ ಇಲ್ಲದಿದ್ದರೂ ಊರವರು ಅದನ್ನೇ ನಂಬಿ ಹೊರಡುತ್ತಾರೆ.

ಟ್ಸೊ ವಾದ ಬಿಡಲಿಲ್ಲ, ಆದರೆ ಕೋಡ್ ಬದಲಿಸಿದರು. ಮುಖ್ಯ ಕರ್ನಲ್ಲಿನಲ್ಲಿ 2.6.30ರ ಹೊತ್ತಿಗೆ ಇಎಕ್ಸ್‌ಟಿ4 ಎರಡು ಸನ್ನಿವೇಶಗಳನ್ನು ಗುರುತು ಹಿಡಿಯಲು ಕಲಿತಿತ್ತು. ಇರುವ ಫೈಲಿನ ಮೇಲೆ ಹೊಸ ಫೈಲನ್ನು ರೀನೇಮ್ ಮಾಡಿದರೆ, ಇಲ್ಲವೇ ಖಾಲಿ ಮಾಡಿದ ಫೈಲಿಗೆ ಬರೆದು ಕ್ಲೋಸ್ ಮಾಡಿದರೆ, ಆಗ ತಡ ಮಾಡದೆ ತಕ್ಷಣ ಜಾಗ ಹಂಚಿ ಅಕ್ಷರಗಳನ್ನು ಕಳಿಸುತ್ತದೆ. ಇವತ್ತು ನಿಮ್ಮ ಲ್ಯಾಪ್‌ಟಾಪಿನ ಇಎಕ್ಸ್‌ಟಿ4ನಲ್ಲೂ ಇದು ಮಾಮೂಲಿಯಾಗಿ ಚಾಲೂ ಇರುತ್ತದೆ.

ಹಾಗಿದ್ದರೆ ನಮ್ಮ ಪಟ್ಟಿ ಯಾಕೆ ಹೋಯಿತು? ಆ ವಾಕ್ಯವನ್ನು ಇನ್ನೊಮ್ಮೆ ಓದಿ: ಕ್ಲೋಸ್ ಮಾಡಿದರೆ. ನಮ್ಮ ಪ್ರೋಗ್ರಾಂ ಫೈಲನ್ನು ಬೆಳಿಗ್ಗೆ ಒಮ್ಮೆ ತೆರೆದು, ದಿನವಿಡೀ ತೆರೆದೇ ಇಟ್ಟು, ಅದನ್ನೇ ಖಾಲಿ ಮಾಡಿ ಬರೆದು ಫ್ಲಶ್ ಮಾಡುತ್ತಿತ್ತು. ಕ್ಲೋಸ್ ಆಗುತ್ತಿದ್ದದ್ದು ರಾತ್ರಿ ಕೋಣೆಗೆ ಬೀಗ ಹಾಕುವಾಗ. "ಪ್ರತಿ ಸಲ ತೆರೆದು ಮುಚ್ಚೋದು ವೇಸ್ಟ್" ಅಂತ ಬುದ್ಧಿವಂತಿಕೆ ಮಾಡಿದ್ದು ನಾವೇ.

ಮತ್ತೆ ಮತ್ತೆ ಸಾಯಿಸಿ ನೋಡಿದ್ದು

ಊಹೆ ಸಾಕಾಗಲಿಲ್ಲ, ಮಾಡಿ ನೋಡಿದೆವು. ಕ್ಯೂಇಎಂಯು ವರ್ಚುವಲ್ ಮಷೀನಿನಲ್ಲಿ ಲಿನಕ್ಸ್ ಹಾಕಿ, ಅದೇ ಪ್ರೋಗ್ರಾಂ ಓಡಿಸಿ, ಒಂದು ಬರಹ ಸೇರಿಸಿ, ಇಷ್ಟು ಸೆಕೆಂಡ್ ಬಿಟ್ಟು ಮಷೀನನ್ನು ಹೊರಗಿನಿಂದ ಕೊಲ್ಲುವುದು. ಎರಡು ಸೆಕೆಂಡಿಗೇ ಕೊಂದರೆ ಹೆಚ್ಚು ಸಲ ಹಳೆಯ ಪಟ್ಟಿ ಪೂರ್ತಿ ಉಳಿದಿತ್ತು. ಖಾಲಿ ಮಾಡಿದ್ದೇ ಇನ್ನೂ ಕಮಿಟ್ ಆಗಿರಲಿಲ್ಲ. ಒಂದು ನಿಮಿಷ ಬಿಟ್ಟು ಕೊಂದರೆ ಹೊಸ ಪಟ್ಟಿ ಪೂರ್ತಿ ಇತ್ತು. ಹದಿನೈದು ಸೆಕೆಂಡಿಗೆ ಕೊಂದಾಗ 0 ಬೈಟ್. ಬ್ಯಾಗ್ ಎತ್ತಿಕೊಂಡು ಬಾಗಿಲವರೆಗೆ ಹೋಗಲು ಬೇಕಾದಷ್ಟು ಹೊತ್ತು. (ಇದರಲ್ಲಿ ಪರೀಕ್ಷೆಯಾಗುವುದು ಪೇಜ್ ಕ್ಯಾಶ್ ಮಾತ್ರ. ನಿಜವಾದ ಡಿಸ್ಕಿನ ಒಳಗಿನ ಮೆಮೊರಿ ಏನು ಮಾಡುತ್ತದೆ ಅಂತ ಇದರಿಂದ ತಿಳಿಯುವುದಿಲ್ಲ.)

ನೀವೂ ಮಾಡಬಹುದು, ಡಿಸ್ಕು ಬೇಕಿಲ್ಲ. ಒಂದು ದೊಡ್ಡ ಖಾಲಿ ಫೈಲ್ ಮಾಡಿ, ಅದರ ಮೇಲೆ ಇಎಕ್ಸ್‌ಟಿ4 ಫಾರ್ಮ್ಯಾಟ್ ಮಾಡಿ, ಲೂಪ್ ಮೌಂಟ್ ಮಾಡಿ. ಫೈಲ್‌ಫ್ರ್ಯಾಗ್ ಆದೇಶ ನಿಮ್ಮ ಫೈಲಿನ ಎಕ್ಸ್‌ಟೆಂಟ್‌ಗಳನ್ನು ತೋರಿಸುತ್ತದೆ. ಬರೆದ ತಕ್ಷಣ ನೋಡಿದರೆ ಬ್ಲಾಕ್ ಇನ್ನೂ ಹಂಚಿಲ್ಲ ಅನ್ನುವುದೂ ಅದರಲ್ಲಿ ಕಾಣುತ್ತದೆ. ಡೀಬಗ್‌ಎಫ್‌ಎಸ್‌ನಿಂದ 8ನೇ ಐನೋಡ್ ತೆಗೆದು ಜರ್ನಲ್ ಕೂಡ ನೋಡಬಹುದು. ಸಿಲಬಸ್‌ನ ಐದನೇ ಯೂನಿಟ್ಟಿನ ಚಿತ್ರಗಳು ಆಗ ಬೇರೆಯೇ ಥರ ಕಾಣುತ್ತವೆ.

ಕರ್ನಲ್ ಬರೆಯುವವರ ದಿನನಿತ್ಯವೂ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಎಕ್ಸ್‌ಎಫ್‌ಎಸ್‌ಟೆಸ್ಟ್ಸ್ ಅನ್ನುವ ಪರೀಕ್ಷೆಗಳ ದೊಡ್ಡ ಕಟ್ಟು ಇದೆ. ಹುಟ್ಟಿದ್ದು ಎಕ್ಸ್‌ಎಫ್‌ಎಸ್ ಅನ್ನುವ ಬೇರೆ ಫೈಲ್ ಸಿಸ್ಟಮ್‌ಗಾದರೂ ಈಗ ಇಎಕ್ಸ್‌ಟಿ4ನವರೂ ಪ್ರತಿ ಪ್ಯಾಚ್‌ಗೂ ಅದನ್ನೇ ಓಡಿಸುತ್ತಾರೆ. ಹೊಸ ಸೌಲಭ್ಯ ಬರೆಯುವುದಕ್ಕಿಂತ, ಅದು ಹಳೆಯದನ್ನು ಕೆಡಿಸಿಲ್ಲ ಅಂತ ತೋರಿಸುವುದಕ್ಕೇ ಹೆಚ್ಚು ಹೊತ್ತು ಹೋಗುತ್ತದೆ. ಸುಧಾರಣೆ ಇನ್ನೂ ನಿಂತಿಲ್ಲ. 2020ರ ಡಿಸೆಂಬರ್‌ನ 5.10 ಕರ್ನಲ್ಲಿನಲ್ಲಿ ಫಾಸ್ಟ್ ಕಮಿಟ್ ಬಂತು: ಎಫ್‌ಸಿಂಕ್ ಕೇಳಿದಾಗ ಇಡೀ ಬ್ಲಾಕುಗಳನ್ನು ಜರ್ನಲ್‌ಗೆ ಸುರಿಯುವ ಬದಲು, ಏನು ಬದಲಾಯಿತೋ ಅಷ್ಟನ್ನೇ ಚುಟುಕಾಗಿ ಬರೆಯುವುದು. ಎಫ್‌ಸಿಂಕ್ ದುಬಾರಿ ಅನ್ನುವ ಹಳೆಯ ದೂರಿಗೆ ಇದೊಂದು ಉತ್ತರ.

ಎಫ್‌ಸಿಂಕ್ ಕರೆದ ಮಾತ್ರಕ್ಕೆ ನಿಶ್ಚಿಂತೆಯೂ ಇಲ್ಲ. ಅದು ವಾಪಸ್ ಕೊಡುವ ಉತ್ತರವನ್ನು ನೋಡಬೇಕು. 2018ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನವರಿಗೆ ಗೊತ್ತಾದದ್ದು: ಡಿಸ್ಕಿನ ದೋಷದಿಂದ ಎಫ್‌ಸಿಂಕ್ ಒಮ್ಮೆ ಸೋತರೆ, ಕರ್ನಲ್ ಆ ಪುಟಗಳ "ಇನ್ನೂ ಬರೆಯಬೇಕು" ಗುರುತನ್ನು ಅಳಿಸಿಬಿಟ್ಟಿರಬಹುದು. ಮತ್ತೊಮ್ಮೆ ಕೇಳಿದರೆ ಬರೆಯಲು ಏನೂ ಉಳಿದಿಲ್ಲವಾದ್ದರಿಂದ "ಆಯ್ತು" ಅನ್ನುತ್ತದೆ. ಸೋತರೆ ಮತ್ತೆ ಕೇಳೋಣ ಅನ್ನುವ ನಂಬಿಕೆಯ ಮೇಲೆ ಅವರ ಕೋಡ್ ನಿಂತಿತ್ತು. ಈಗ ಎಫ್‌ಸಿಂಕ್ ಸೋತರೆ ಪೋಸ್ಟ್‌ಗ್ರೆಸ್ ಅಲ್ಲೇ ನಿಂತು, ತನ್ನದೇ ಲಾಗ್‌ನಿಂದ ಮತ್ತೆ ಚೇತರಿಸಿಕೊಳ್ಳುತ್ತದೆ.

ನಮ್ಮ ಪ್ರೋಗ್ರಾಮನ್ನು ಹೀಗೆ ಬದಲಿಸಿದ್ದೇವೆ. ಹೊಸ ಪಟ್ಟಿಯನ್ನು ಅದೇ ಡೈರೆಕ್ಟರಿಯಲ್ಲಿ ಬೇರೆ ಹೆಸರಿನ ಫೈಲಿಗೆ ಬರೆಯುತ್ತದೆ. ಫ್ಲಶ್ ಮಾಡಿ, ಎಫ್‌ಸಿಂಕ್ ಕರೆದು, ಅದು ಸರಿ ಅಂದಮೇಲೆ ಕ್ಲೋಸ್ ಮಾಡಿ ಹಳೆಯದರ ಮೇಲೆ ರೀನೇಮ್ ಮಾಡುತ್ತದೆ. ಆ ರೀನೇಮ್ ಕೂಡ ಡಿಸ್ಕಿಗೆ ಮುಟ್ಟಲಿ ಅಂತ ಡೈರೆಕ್ಟರಿಗೂ ಒಂದು ಎಫ್‌ಸಿಂಕ್. ಯಾವ ಕ್ಷಣ ಕರೆಂಟ್ ಹೋದರೂ ಆ ಹೆಸರಿನಲ್ಲಿ ಹಳೆಯ ಪಟ್ಟಿ ಪೂರ್ತಿ ಇರುತ್ತದೆ, ಇಲ್ಲವೇ ಹೊಸದು ಪೂರ್ತಿ ಇರುತ್ತದೆ. "ಸೇರಿತು" ಅನ್ನುವ ಮಾತು ಇಷ್ಟೆಲ್ಲ ಆದ ಮೇಲೆಯೇ ಪರದೆಗೆ ಬರುತ್ತದೆ. ಹಳೆಯ ಡಿಸ್ಕು, ಹಾಗಾಗಿ ಕಣ್ಣು ಮಿಟುಕಿಸುವಷ್ಟು ತಡವಾಗುತ್ತದೆ.

ಈ ಜೂನ್‌ನಲ್ಲಿ ಮತ್ತೆ ಕರೆಂಟ್ ಹೋಯ್ತು. ಯುಪಿಎಸ್ ಬ್ಯಾಟರಿಗೆ ಕೊಟ್ಟ ಅರ್ಜಿ ಇನ್ನೂ ಮೇಲಿನ ಮೇಜಿನಲ್ಲೇ ಇತ್ತು. ಮಷೀನು ಎದ್ದ ಮೇಲೆ ನೋಡಿದರೆ ಪಟ್ಟಿ ಇದ್ದ ಹಾಗೇ ಇದೆ, ಪಕ್ಕದಲ್ಲಿ ತಾತ್ಕಾಲಿಕ ಹೆಸರಿನ ಒಂದು ಖಾಲಿ ಫೈಲ್ ಬಿದ್ದಿದೆ. ಆ ಹೊತ್ತಿಗೆ ಲೇಖನ ಸೇರಿಸುತ್ತಿದ್ದ ಮೆಕ್ಯಾನಿಕಲ್ ವಿಭಾಗದ ಹುಡುಗ "ಸೇರಿತು ಅಂತ ಬರಲಿಲ್ಲ ಸರ್" ಅಂದ. ಖಾಲಿ ಫೈಲನ್ನು ಅಳಿಸಿ, ಅವನ ಕೈಯಲ್ಲಿ ಇನ್ನೊಮ್ಮೆ ಸೇರಿಸಿದೆವು.